ಭಂಗಿ ಬೀಜದ ಹಿಂಡಿ: ಬಳ್ಳಾರಿ ಬಿಸಿಲಲ್ಲಿ ಕೊಳ್ಳಬಹುದೇ?

ಆನ್‌ಲೈನ್‌ನಲ್ಲಿ ‘ಹೆಂಪ್ ಸೀಡ್ಸ್’ ಅಂತ ಬರುವ ಪೊಟ್ಟಣದಲ್ಲಿ ಇರುವುದು ಭಂಗಿ ಗಿಡದ ಬೀಜ. ಗಾಂಜಾ ಬರುವುದೂ ಅದೇ ಗಿಡದಿಂದ. ಆದರೆ ಅಮಲು ತರುವ ಟಿಎಚ್‌ಸಿ ಅನ್ನುವ ರಾಸಾಯನಿಕ ತುಂಬಿರುವುದು ಹೆಣ್ಣು ಹೂವಿನ ಅಂಟಿನಲ್ಲಿ, ಬೀಜದೊಳಗೆ ಅಲ್ಲ. ಒಕ್ಕುವಾಗ ಆ ಅಂಟು ಸಿಪ್ಪೆಗೆ ಎಷ್ಟು ತಾಗಿತೋ ಅಷ್ಟೇ ಬೀಜದ ಜೊತೆ ಬರುತ್ತದೆ. ಗುರೆಳ್ಳಿಗೆ ಮೈಸೂರು ಕಡೆ ಹುಚ್ಚೆಳ್ಳು ಅನ್ನುತ್ತಾರೆ, ತಿಂದವರಿಗೆ ಯಾರಿಗೂ ಹುಚ್ಚು ಹಿಡಿದಿಲ್ಲ. ಇದೂ ಹಾಗೇ. ಬಳ್ಳಾರಿಯಲ್ಲಾಗಲಿ ಕೊಪ್ಪಳದಲ್ಲಾಗಲಿ ಕಿರಾಣಿ ಅಂಗಡಿಗೆ ಹೋಗಿ ‘ಭಂಗಿ ಬೀಜ ಐತೇನ್ರಿ’ ಅಂದರೆ ಅಂಗಡಿಯವರು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ ಅನ್ನುವುದು ಬೇರೆ ಮಾತು. ಹಾಗಾಗಿ ಇದು ಸಾಮಾನ್ಯವಾಗಿ ಕೊರಿಯರ್‌ನಲ್ಲೇ ಬರುವ ಸಾಮಾನು. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಮಾರುಕಟ್ಟೆಯಲ್ಲಿ ನಾಲ್ಕು ರೂಪದಲ್ಲಿ ಸಿಗುತ್ತದೆ: ಸಿಪ್ಪೆ ಸಮೇತದ ಇಡೀ ಕಾಳು, ಸಿಪ್ಪೆ ತೆಗೆದ ತಿರುಳು (‘ಹೆಂಪ್ ಹಾರ್ಟ್ಸ್’), ಗಾಣದ ಎಣ್ಣೆ, ಪ್ರೋಟೀನ್ ಪುಡಿ. ನಾಲ್ಕರಲ್ಲಿ ಜೋಳದ ರೊಟ್ಟಿ ತಿನ್ನುವ ಮನೆಗೆ, ಹಿಂಡಿ (ರೊಟ್ಟಿ ಜೊತೆಗಿನ ಒಣ ಚಟ್ನಿ ಪುಡಿ) ಮಾಡಲು ಕೆಲಸಕ್ಕೆ ಬರುವುದು ಮೊದಲನೆಯದು. ಉಳಿದ ಮೂರನ್ನು ಯಾಕೆ ಬಿಡಬಹುದು ಅನ್ನುವುದನ್ನು ಆಮೇಲೆ ನೋಡೋಣ.

ಇಡೀ ಕಾಳು ಕೊತ್ತಂಬರಿ ಕಾಳಿಗಿಂತ ಸ್ವಲ್ಪ ಸಣ್ಣದು, ಮೂರು ನಾಲ್ಕು ಮಿಲಿಮೀಟರ್. ಬೂದು ಮಿಶ್ರಿತ ಕಂದು ಬಣ್ಣ, ಮೇಲೆ ಜಾಲರಿ ಬಿಡಿಸಿದಂಥ ಗೆರೆ. ಹಲ್ಲಲ್ಲಿ ಕಚ್ಚಿದರೆ ಟಕ್ ಅಂತ ಒಡೆಯುತ್ತದೆ. ಒಳಗಿನ ತಿರುಳು ಕೆನೆ ಬಿಳುಪಾಗಿರಬೇಕು, ಅದರ ಮೇಲೆ ತೆಳುವಾದ ಹಸಿರು ಪೊರೆ ಇದ್ದರೆ ಸರಿ. ರುಚಿ ಅಕ್ರೋಟಿನ ಹತ್ತಿರದ್ದು, ಹಿಂದಿನಿಂದ ಒಣ ಹುಲ್ಲಿನ ವಾಸನೆ ಬರುತ್ತದೆ. ತಿರುಳು ಹಳದಿ ತಿರುಗಿದ್ದರೆ, ಬಾಯಲ್ಲಿ ಹಳೇ ಪೇಂಟ್ ಡಬ್ಬಿಯ ವಾಸನೆ ಹೊಡೆದರೆ ಕಾಳು ಮುಗ್ಗಿದೆ ಎಂದರ್ಥ. ಹುರಿದರೂ ಆ ವಾಸನೆ ಹೋಗದು, ಬೆಳ್ಳುಳ್ಳಿ ಜಾಸ್ತಿ ಹಾಕಿದರೂ ಮುಚ್ಚದು. ಪೊಟ್ಟಣ ಬಂದ ದಿನವೇ ಬೇರೆ ಬೇರೆ ಕಡೆಯಿಂದ ಹತ್ತು ಕಾಳು ತೆಗೆದು ಕಚ್ಚಿ ನೋಡಿ. ಎರಡಕ್ಕಿಂತ ಹೆಚ್ಚು ಕಾಳು ಕಹಿ ಬಂದರೆ ವಾಪಸ್ ಕಳಿಸುವುದೇ ಒಳ್ಳೆಯದು.

ಮುಗ್ಗುವುದು ಯಾಕೆಂದರೆ, ಈ ಬೀಜದ ಎಣ್ಣೆಯಲ್ಲಿ ಮುಕ್ಕಾಲಿಗೂ ಮೀರಿ ಗಾಳಿ, ಬಿಸಿಲು, ಬೆಳಕಿಗೆ ಬೇಗ ಕೆಡುವ ಜಾತಿಯ ಕೊಬ್ಬು. ಇಡೀ ಕಾಳಿಗೆ ಸಿಪ್ಪೆಯ ರಕ್ಷಣೆ ಇದೆ, ಅದಕ್ಕೇ ತಡೆಯುತ್ತದೆ. ತಿರುಳಿಗೆ ಅದೂ ಇಲ್ಲ. ಕಂಪನಿಯವರು ‘12 ತಿಂಗಳು ಬಾಳಿಕೆ’ ಅಂತ ಅಚ್ಚು ಹಾಕುವುದು ತಂಪಾದ ಒಣ ಜಾಗದಲ್ಲಿ ಇಟ್ಟಾಗಿನ ಲೆಕ್ಕ. ಏಪ್ರಿಲ್ ಮೇನಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿದಾಗ ತಗಡಿನ ಕೊರಿಯರ್ ಗಾಡಿಯಲ್ಲಿ, ಗೋಡೌನಿನಲ್ಲಿ ಪೊಟ್ಟಣ ಮೂರು ದಿನ ಕೂತರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಈ ಸೀಮೆಯವರು ತರಿಸುವುದಾದರೆ ನವೆಂಬರಿನಿಂದ ಫೆಬ್ರವರಿ ಒಳಗೆ ತರಿಸಿ. ‘ಬೆಸ್ಟ್ ಬಿಫೋರ್’ ನೋಡಿ ಸುಮ್ಮನಾಗಬೇಡಿ, ಪ್ಯಾಕ್ ಮಾಡಿದ ತಾರೀಖು ನೋಡಿ. ಮೂರು ತಿಂಗಳಿಗಿಂತ ಹಳೆಯದನ್ನು ಮುಟ್ಟಬೇಡಿ. ಕಿಲೋ ಲೆಕ್ಕದಲ್ಲಿ ಸೋವಿ ಸಿಗುತ್ತದೆ ಅಂತ ಆಸೆ ಬೇಡ, 250 ಗ್ರಾಂ ಸಾಕು. ಮನೆಗೆ ಬಂದ ಮೇಲೆ ಗಾಳಿ ಆಡದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಒಲೆ ಮೇಲಿನ ಗೂಡಿನಲ್ಲಂತೂ ಖಂಡಿತ ಬೇಡ.

ಕೊಳ್ಳುವಾಗ ಹೆಸರಿನ ಗೊಂದಲ ಇನ್ನೊಂದು. ‘ಹೆಂಪ್’ ಅನ್ನುವುದಕ್ಕೆ ಕನ್ನಡದಲ್ಲಿ ಸೆಣಬು ಅಂತ ಬರೆದ ಜಾಹೀರಾತುಗಳಿವೆ. ಗಂಗಾವತಿ, ಸಿಂಧನೂರಿನ ಭತ್ತದ ರೈತರಿಗೆ ಸೆಣಬು ಅಂದರೆ ಡಯಾಂಚದ ಹಾಗೆ ಹಸಿರೆಲೆ ಗೊಬ್ಬರಕ್ಕೆ ಬಿತ್ತಿ, ಹೂ ಬಿಡುವ ಹೊತ್ತಿಗೆ ಉಳುಮೆ ಮಾಡಿ ಮಣ್ಣಿಗೆ ಸೇರಿಸುವ ಬೆಳೆ. ಅದು ಬೇರೆ ಗಿಡ, ಹಳದಿ ಹೂವಿನ ದ್ವಿದಳ ಜಾತಿ. ಅದರ ಬೀಜದಲ್ಲಿ ಯಕೃತ್ತಿಗೆ ವಿಷವಾಗುವ ಅಂಶ ಇದೆ, ಸಾಲದ್ದಕ್ಕೆ ಬಿತ್ತನೆ ಬೀಜಕ್ಕೆ ಔಷಧ ಬೇರೆ ಸವರಿರಬಹುದು. ಬೀಜದಂಗಡಿಯಲ್ಲಿ ಸೋವಿಗೆ ಸಿಗುತ್ತದೆ ಅಂತ ತಂದು ಹುರಿಯುವ ವಸ್ತು ಅಲ್ಲ ಅದು. ಗುರುತು ಸುಲಭ: ಅದರ ಕಾಳು ಚಪ್ಪಟೆ, ಮೂತ್ರಪಿಂಡದ ಆಕಾರ, ಗಾಢ ಬಣ್ಣ. ಭಂಗಿ ಬೀಜ ಗುಂಡಗೆ, ಮೇಲೆ ಜಾಲರಿ ಗೆರೆ. ಉತ್ತರಾಖಂಡದ ಕಡೆಯಿಂದ ‘ಭಂಗ್‌ಜೀರಾ’ ಅಂತ ಬರುವುದು ಮತ್ತೂ ಬೇರೆ. ಅದು ತುಳಸಿ ಕುಟುಂಬದ ಗಿಡದ ಬೀಜ. ವಿಷವೇನಲ್ಲ, ಆದರೆ ನೀವು ದುಡ್ಡು ಕೊಟ್ಟದ್ದು ಅದಕ್ಕಲ್ಲ. ನಮ್ಮ ಪುಂಡಿಗೂ ಇಂಥದ್ದೇ ಕಥೆ. ಎಲೆ ಭಂಗಿ ಎಲೆಯ ಹಾಗೆ ಸೀಳಿರುವುದರಿಂದ ಅದರ ಲ್ಯಾಟಿನ್ ಹೆಸರಲ್ಲೇ ‘ಕ್ಯಾನಬಿನಸ್’ ಸೇರಿಕೊಂಡಿದೆ. ಪುಂಡಿ ಪಲ್ಯಕ್ಕೆ ಮಾತ್ರ ಆ ಕೀರ್ತಿಯಿಂದ ಏನೂ ಆಗಿಲ್ಲ.

ಕೆಲವು ಮಾರಾಟಗಾರರು ಪೊಟ್ಟಣದ ವಿವರದಲ್ಲಿ ‘ಇಂಡಿಕಾ ಪ್ರಧಾನ ಹೈಬ್ರಿಡ್ ತಳಿ, ಮನಸ್ಸಿಗೆ ಶಾಂತಿ, ಒಳ್ಳೆ ನಿದ್ದೆ’ ಅಂತ ಬರೆಯುತ್ತಾರೆ. ಇದು ಅಮೆರಿಕ, ಕೆನಡಾದಲ್ಲಿ ಪರವಾನಗಿ ಪಡೆದು ಹೂವು ಮಾರುವ ಅಂಗಡಿಗಳ ಭಾಷೆ. ಸಸ್ಯವಿಜ್ಞಾನಿಗಳ ಪೈಕಿ ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಸಟೈವಾ ಅಂತ ಹೆಸರಿಟ್ಟ, ಲಾಮಾರ್ಕ್ 1785ರಲ್ಲಿ ಭಾರತದ ಗಿಡ ನೋಡಿ ಇಂಡಿಕಾ ಅಂದ. ಮುಂದೆ ವ್ಯಾಪಾರಿಗಳು ಎರಡನ್ನೂ ಬೆರೆಸಿ, ಹಿಂದೂಕುಶ್ ಬೆಟ್ಟದ ಹೆಸರು ತಂದು ‘ಕುಶ್’ ಅಂತ ನೂರು ತಳಿ ಮಾಡಿದರು. ಇಂಡಿಕಾ ಜಾಸ್ತಿ ಇದ್ದರೆ ಮೈ ಸಡಿಲವಾಗುತ್ತದೆ, ಸಟೈವಾ ಜಾಸ್ತಿ ಇದ್ದರೆ ಉತ್ಸಾಹ ಬರುತ್ತದೆ ಅನ್ನುವುದು ಅಲ್ಲಿನ ಅಂಗಡಿ ಹಲಗೆಯ ಮಾತು. ಗಿಡದ ಆ ಹೆಸರಿಗಿಂತ ಹೂವಿನ ಅಂಟಿನಲ್ಲಿ ಯಾವ ರಾಸಾಯನಿಕ ಎಷ್ಟಿದೆ ಅನ್ನುವುದೇ ಪರಿಣಾಮವನ್ನು ನಿರ್ಧರಿಸುತ್ತದೆ. ವಾಸನೆ ಕೊಡುವ ಮಿರ್ಸೀನ್ ಮಾವಿನಹಣ್ಣಿನಲ್ಲೂ ಇದೆ, ಕ್ಯಾರಿಯೋಫಿಲೀನ್ ಮೆಣಸು ಲವಂಗದಲ್ಲೂ ಇದೆ. ಇವೆಲ್ಲ ಹೂವಿನ ಸಂಗತಿ. ಹುರಿದು ಕುಟ್ಟುವ ಬೀಜದಲ್ಲಿ ಇಂಡಿಕಾ ಯಾವುದು ಸಟೈವಾ ಯಾವುದು ಅಂತ ನಾಲಿಗೆಗೂ ಗೊತ್ತಾಗದು, ನಿದ್ದೆಗೂ ಗೊತ್ತಾಗದು. ಆ ಸಾಲು ಬರೆದವರಿಂದ ಕೊಳ್ಳದಿರುವುದೇ ಮೇಲು. ಒಂದು ಸುಳ್ಳು ಬರೆದವರು ಪ್ಯಾಕ್ ತಾರೀಖು ಮಾತ್ರ ಸರಿಯಾಗಿ ಬರೆಯುತ್ತಾರೆ ಅಂತ ನಂಬುವುದು ಹೇಗೆ?

ಕಾನೂನು ಏನು ಹೇಳುತ್ತದೆ? 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಕಾಯಿ ತುಂಬಿದ ತುದಿ. ತುದಿಯ ಜೊತೆಗಿಲ್ಲದೆ ಬಿಡಿಯಾಗಿರುವ ಬೀಜ, ಎಲೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆಹಾರವಾಗಿ ಮಾರಲು 2021ರ ನವೆಂಬರಿನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ತಂದಿತು. ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟು ಮೂರಕ್ಕೆ ಒಪ್ಪಿಗೆ. ಕಿಲೋಗೆ ಟಿಎಚ್‌ಸಿ ಬೀಜದಲ್ಲಿ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರಬಾರದು. ಪೊಟ್ಟಣದ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ ಇರಲೇಬೇಕು. ಉತ್ತರಾಖಂಡ 2018ರಲ್ಲಿ ಕೈಗಾರಿಕೆಗೆಂದು ಕಡಿಮೆ ಅಮಲಿನ ಭಂಗಿ ಬೆಳೆಯಲು ಪರವಾನಗಿ ಕೊಡಲು ಶುರು ಮಾಡಿತು. ಅಲ್ಲಿನ ಕುಮಾವೂಂ ಬೆಟ್ಟದ ಜನ ಈ ಬೀಜದ ಚಟ್ನಿಯನ್ನು ಮೊದಲಿನಿಂದಲೂ ತಿನ್ನುವವರು: ಹುರಿದು, ನೀರು ಹಾಕಿ ರುಬ್ಬಿ, ಸಿಪ್ಪೆ ಸೋಸಿ, ಹಸಿಮೆಣಸಿನಕಾಯಿ, ನಿಂಬೆ ಹಿಂಡಿ. ರುಚಿಯಾಗಿರುತ್ತದೆ, ಆದರೆ ಅದು ಅನ್ನದ ಚಟ್ನಿ. ಖಡಕ್ ರೊಟ್ಟಿಗೆ ಒಣ ಹಿಂಡಿಯೇ ಬೇಕು.

ಹಿಂಡಿ ಮಾಡುವ ಬಗೆ ಹೀಗೆ. 100 ಗ್ರಾಂ ಭಂಗಿ ಬೀಜ, 100 ಗ್ರಾಂ ಗುರೆಳ್ಳು, 12ರಿಂದ 15 ಬ್ಯಾಡಗಿ ಮೆಣಸಿನಕಾಯಿ (ಖಾರ ಬೇಕಾದವರು ಅದರಲ್ಲಿ ನಾಲ್ಕನ್ನು ಗುಂಟೂರಿಗೆ ಬದಲಿಸಿಕೊಳ್ಳಿ), 10 ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಒಂದು ಹಿಡಿ ಕರಿಬೇವು, ಅಡಿಕೆ ಗಾತ್ರದ ಹುಣಸೆ, ಅಷ್ಟೇ ಬೆಲ್ಲ, ಎರಡು ಚಮಚ ಉಪ್ಪು. ಮೊದಲು ಭಂಗಿ ಬೀಜವನ್ನು ಮೊರದಲ್ಲಿ ಹಾಕಿ ಕೇರಿ ನೋಡಿ, ಕಡ್ಡಿ, ಸಣ್ಣ ಹರಳು ಇದ್ದೇ ಇರುತ್ತವೆ. ಹರಳಿನ ಬಣ್ಣವೂ ಕಾಳಿನ ಬಣ್ಣವೂ ಒಂದೇ ಆದ್ದರಿಂದ ಕಣ್ಣಿಗಿಂತ ಕೈ ನಂಬಿ.

ದಪ್ಪ ತಳದ ಕಬ್ಬಿಣದ ಬಾಂಡ್ಲಿ, ಸಣ್ಣ ಉರಿ. ಎರಡು ಕಾಳನ್ನೂ ಒಟ್ಟಿಗೆ ಹಾಕಬೇಡಿ. ಗುರೆಳ್ಳು ಬೇಗ ಬಿಸಿಯಾಗಿ ವಾಸನೆ ಬಿಡುತ್ತದೆ, ಭಂಗಿ ಬೀಜಕ್ಕೆ ಸಿಪ್ಪೆ ಗಟ್ಟಿ ಇರುವುದರಿಂದ ಸಮಯ ಬೇಕು. ಎರಡು ಮೂರು ನಿಮಿಷಕ್ಕೆ ಭಂಗಿ ಬೀಜ ಚಟಪಟ ಅನ್ನತೊಡಗುತ್ತದೆ. ಒಳಗಿನ ತೇವ ಆವಿಯಾಗಿ ಸಿಪ್ಪೆ ಬಿರಿಯುವ ಸದ್ದು ಅದು. ಕೆಲವು ಕಾಳು ಬಾಂಡ್ಲಿಯಿಂದ ಹಾರುತ್ತವೆ, ಒಂದು ಜಾಲರಿ ಮುಚ್ಚಿಕೊಳ್ಳಿ. ಸದ್ದು ಜೋರಾಗಿ, ಮತ್ತೆ ವಿರಳವಾಗುವ ಹೊತ್ತಿಗೆ ತೆಗೆಯಬೇಕು, ಒಟ್ಟು ನಾಲ್ಕೈದು ನಿಮಿಷ. ಸದ್ದು ಪೂರ್ತಿ ನಿಲ್ಲಲಿ ಅಂತ ಕಾದರೆ ಕಹಿ ತಿರುಗುತ್ತದೆ. ತೆಗೆದ ಕೂಡಲೇ ಅಗಲವಾದ ಪರಾತಕ್ಕೆ ಹರವಿ. ಬಾಂಡ್ಲಿಯಲ್ಲೇ ಬಿಟ್ಟರೆ ಆ ಕಬ್ಬಿಣದ ಕಾವಿಗೇ ಇನ್ನಷ್ಟು ಹುರಿಯುತ್ತದೆ. ಸಾಮಾನ್ಯವಾಗಿ ಕೆಡುವುದೇ ಈ ಹಂತದಲ್ಲಿ. ಆಮೇಲೆ ಗುರೆಳ್ಳು, ಜೀರಿಗೆ, ಮೆಣಸಿನಕಾಯಿ, ಕರಿಬೇವು ಒಂದೊಂದಾಗಿ. ಹುಣಸೆಯನ್ನೂ ಬಿಸಿ ಬಾಂಡ್ಲಿಯಲ್ಲಿ ಒಂದು ನಿಮಿಷ ಆಡಿಸಿ ತೇವ ತೆಗೆಯಿರಿ. ಬೆಳ್ಳುಳ್ಳಿ ಸಿಪ್ಪೆ ಸಮೇತ ಹುರಿದು ಹಾಕಿದರೆ ಬಾಳಿಕೆ, ಹಸಿಯಾಗಿ ಹಾಕಿದರೆ ಘಮ. ಹಸಿ ಹಾಕಿದವರು ವಾರದೊಳಗೆ ಮುಗಿಸಬೇಕು.

ಎಲ್ಲವೂ ತಣ್ಣಗಾದ ಮೇಲೆ ಮಿಕ್ಸಿ. ಭಂಗಿ ಬೀಜವನ್ನು ಮೊದಲು ಒಂದೇ ಹಾಕಿ, ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಬಿಡುತ್ತ ಏಳೆಂಟು ಸಲ ಒಡೆಯಿರಿ. ಒಂದೇ ಸಮ ಓಡಿಸಿದರೆ ಮಿಕ್ಸಿ ಜಾರ್ ಬಿಸಿಯಾಗಿ ಎಣ್ಣೆ ಬಿಡುತ್ತದೆ, ಪುಡಿ ಹೋಗಿ ಉಂಡೆಯಾಗುತ್ತದೆ. ಈಗ ಸಣ್ಣ ಕಣ್ಣಿನ ಜರಡಿ. ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬರೀ ಸಿಪ್ಪೆ, ಅದು ಎಷ್ಟು ಅರೆದರೂ ಹಲ್ಲಿಗೆ ಸಿಗುತ್ತದೆ, ಕೃತಕ ಹಲ್ಲು ಕಟ್ಟಿಸಿಕೊಂಡ ಹಿರಿಯರಿದ್ದರೆ ಇನ್ನೂ ಕಷ್ಟ. ಜರಡಿ ಹಿಡಿದರೆ 100 ಗ್ರಾಮಿನಲ್ಲಿ 60, 65 ಗ್ರಾಂ ಉಳಿಯುತ್ತದೆ. ಜರಡಿ ಹಿಡಿದ ಪುಡಿಗೆ ಉಳಿದದ್ದೆಲ್ಲ ಸೇರಿಸಿ ಇನ್ನೆರಡು ಸಲ ತಿರುಗಿಸಿ. ಒರಳು ಇರುವ ಮನೆಯವರು ಒರಳಲ್ಲೇ ಕುಟ್ಟಿ, ಬಿಸಿಯಾಗುವ ಭಯವೇ ಇಲ್ಲ.

ಬರುವ ರುಚಿ ಗುರೆಳ್ಳಿನ ಗಾಢ ಕಹಿಗಿಂತ ಮೆತ್ತಗೆ, ಶೇಂಗಾ ಹಿಂಡಿಗಿಂತ ಕಡಿಮೆ ಸಿಹಿ. ಬರೀ ಭಂಗಿ ಬೀಜದಲ್ಲಿ ಮಾಡಿದರೆ ಸಪ್ಪೆ, ಬಣ್ಣವೂ ಮಣ್ಣಿನ ಥರ ಕಾಣುತ್ತದೆ, ಅದಕ್ಕೇ ಗುರೆಳ್ಳು ಬೇಕು. ಎಣಗಾಯಿ ಬದನೆಕಾಯಿಗೆ ತುಂಬಲು ಶೇಂಗಾ ಪುಡಿ ಜಾಗದಲ್ಲಿ ಅರ್ಧ ಇದನ್ನು ಹಾಕಿದರೆ ಚೆನ್ನಾಗಿ ಹೊಂದುತ್ತದೆ. ಬಳ್ಳಾರಿ ವಗ್ಗರಣಿ ಮೇಲೆ ಪುಟಾಣಿ ಪುಡಿಯ ಬದಲು ಉದುರಿಸುವ ಪ್ರಯೋಗ ಬೇಡ. ಮಂಡಕ್ಕಿಯ ತೇವ ಹೀರಿ ಮುದ್ದೆಗಟ್ಟುತ್ತದೆ, ಪಕ್ಕದ ಮಿರ್ಚಿಯ ರುಚಿಯೂ ಕೆಡುತ್ತದೆ. ಮಾಡಿದ ಹಿಂಡಿ ಬೇಸಿಗೆಯಲ್ಲಿ ಹೊರಗೆ ಹತ್ತು ದಿನ, ಫ್ರಿಜ್‌ನಲ್ಲಿ ಒಂದು ತಿಂಗಳು ತಡೆಯುತ್ತದೆ. ಡಬ್ಬಿಗೆ ಒದ್ದೆ ಚಮಚ ಹಾಕಿದರೆ ಈ ಲೆಕ್ಕ ಇಲ್ಲ.

ತಿರುಳಿನ ವಿಷಯಕ್ಕೆ ಬಂದರೆ, ಜಾಹೀರಾತು ಹೊಡೆದುಕೊಳ್ಳುವುದು ಪ್ರೋಟೀನಿನ ಮೇಲೆ. 100 ಗ್ರಾಂ ತಿರುಳಿನಲ್ಲಿ ಸುಮಾರು 31 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು. ನಮ್ಮ ಶೇಂಗಾದಲ್ಲಿ ಸುಮಾರು 26 ಗ್ರಾಂ ಪ್ರೋಟೀನ್, ಕೊಬ್ಬು ಅಷ್ಟೇ. ಐದು ಗ್ರಾಂ ಹೆಚ್ಚಿಗೆಗೆ ಹಲವು ಪಟ್ಟು ದುಡ್ಡು. ಒಮೆಗಾ-3 ಬೇಕೆಂದು ಕೊಳ್ಳುವವರಿಗೆ ಅಗಸಿ ಇದೆ: 100 ಗ್ರಾಂ ಅಗಸಿಯಲ್ಲಿ ಸುಮಾರು 22 ಗ್ರಾಂ, ಭಂಗಿ ತಿರುಳಿನಲ್ಲಿ ಅದರ ಅರ್ಧವೂ ಇಲ್ಲ. ಇದು ನಿಜವಾಗಿ ಮುಂದಿರುವುದು ಮೆಗ್ನೀಸಿಯಂನಲ್ಲಿ, 100 ಗ್ರಾಮಿಗೆ 700 ಮಿಲಿಗ್ರಾಂ ಹತ್ತಿರ. ‘ಪರಿಪೂರ್ಣ ಪ್ರೋಟೀನ್’ ಅನ್ನುವ ಮಾತಿಗೂ ಒಂದು ತಿದ್ದುಪಡಿ ಬೇಕು. ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲಗಳೆಲ್ಲ ಇದರಲ್ಲಿವೆ, ಆದರೆ ಅವುಗಳಲ್ಲಿ ಒಂದಾದ ಲೈಸಿನ್ ಕಡಿಮೆ. ಜೋಳದಲ್ಲೂ ಕಡಿಮೆ ಇರುವುದು ಅದೇ ಲೈಸಿನ್. ಹಾಗಾಗಿ ರೊಟ್ಟಿ ಮತ್ತು ಈ ಹಿಂಡಿ ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ, ತಟ್ಟೆಯಲ್ಲಿ ಹೆಸರುಕಾಳು ಪಲ್ಯವೋ ತೊಗರಿ ಬ್ಯಾಳಿಯೋ ಇರಲೇಬೇಕು. ಹಿರಿಯರು ಹಿಂಡಿಯ ಜೊತೆ ಕಾಳು ಪಲ್ಯ ಬಿಡದೆ ಬಡಿಸುತ್ತಿದ್ದುದು ಸುಮ್ಮನೆ ಅಲ್ಲ.

ಎಣ್ಣೆ ಗಾಢ ಹಸಿರು, ಗಾಜಿನ ಕಪ್ಪು ಬಾಟಲಿಯಲ್ಲಿ ಬಂದರೆ ಮಾತ್ರ ತಗೊಳ್ಳಿ. ಸುಮಾರು 165 ಡಿಗ್ರಿಗೇ ಹೊಗೆಯಾಡುತ್ತದೆ, ಅಂದರೆ ಸಾಸಿವೆ ಚಟಪಟಿಸುವಷ್ಟು ಕಾಯಿಸಿ ಒಗ್ಗರಣೆ ಹಾಕಿದರೆ ಮೀನಿನ ವಾಸನೆ. ಹಿಂಡಿಯ ಮೇಲೆ ಹಸಿಯಾಗಿ ಸುರಿದುಕೊಳ್ಳಲು ಆಗುತ್ತದೆ, ಆದರೆ ಆ ಕೆಲಸಕ್ಕೆ ಗಾಣದ ಕುಸುಬಿ ಎಣ್ಣೆ ಇರುವಾಗ ಇದು ಯಾಕೆ ಬೇಕು? ತಂದವರು ಮುಚ್ಚಳ ತೆಗೆದ ಮೇಲೆ ಆರರಿಂದ ಎಂಟು ವಾರದಲ್ಲಿ, ಫ್ರಿಜ್‌ನಲ್ಲಿಟ್ಟು, ಮುಗಿಸಿ. ಇದನ್ನು ಸಿಬಿಡಿ (ಅದೇ ಗಿಡದ, ಅಮಲು ತರದ ಇನ್ನೊಂದು ರಾಸಾಯನಿಕ) ಎಣ್ಣೆ ಅಂತ ತಿಳಿದು ನೋವಿಗೆ, ನಿದ್ದೆಗೆ ಕೊಳ್ಳುವವರಿದ್ದಾರೆ. ಬೀಜದ ಎಣ್ಣೆಯಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಸಿಬಿಡಿ ಎಣ್ಣೆ ಎಲೆ ಹೂವಿನ ಸಾರದಿಂದ ಮಾಡಿ, ವೈದ್ಯರ ಚೀಟಿಯ ಮೇಲೆ ಕೊಡುವ ಬೇರೆ ವಸ್ತು.

ಪ್ರೋಟೀನ್ ಪುಡಿ ಅಂದರೆ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಹಿಂಡಿಯೇ, ದನಕ್ಕೆ ಹಾಕುವ ಅರ್ಥದ ಹಿಂಡಿ. ಪ್ರೋಟೀನ್ ಅರ್ಧದಷ್ಟಿರುತ್ತದೆ, ನಿಜ. ಬಾಯಿಗೆ ಮರಳು. ಜೋಳದ ಹಿಟ್ಟಿಗೆ ಬೆರೆಸುವುದಾದರೆ ಒಂದು ಬಟ್ಟಲಿಗೆ ಒಂದೇ ಚಮಚ. ಜೋಳದಲ್ಲಿ ಜಿಗುಟಿಲ್ಲ, ಕುದಿನೀರಿಗೆ ಹಿಟ್ಟು ಅರೆಬೆಂದು ಅಂಟು ಬಂದರಷ್ಟೇ ರೊಟ್ಟಿ ನಿಲ್ಲುವುದು. ಪುಡಿ ಜಾಸ್ತಿಯಾದರೆ ಬಡಿಯುವಾಗಲೇ ಅಂಚು ಒಡೆದು, ಹಂಚಿಗೆ ಹಾಕುವಾಗ ಎರಡು ತುಂಡು.

ರೊಟ್ಟಿ ಜೊತೆ ಈ ಹಿಂಡಿ ದಿನಕ್ಕೆ ಎರಡು ಮೂರು ಚಮಚ ಸಾಕು. ಹೆಚ್ಚಾದರೆ ಕೊಬ್ಬಿಗೆ ಹೊಟ್ಟೆ ಸಡಿಲವಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ.

ಕೊನೆಗೆ ಜರಡಿಯಲ್ಲಿ ಉಳಿದ ಸಿಪ್ಪೆ. ಹುರಿದದ್ದಾದರೆ ತಿಪ್ಪೆಗೆ ಹಾಕಿ, ಏನೂ ಚಿಂತೆಯಿಲ್ಲ. ಮುಗ್ಗಿದ್ದು ಅಂತ ಹಸಿ ಕಾಳನ್ನು ಮಾತ್ರ ಹಿತ್ತಲಿಗೆ ಚೆಲ್ಲಬೇಡಿ, ಅದರಲ್ಲಿ ಜೀವ ಉಳಿದ ಕಾಳು ಇದ್ದೀತು. ಮುಂಗಾರು ಬಿದ್ದ ಮೇಲೆ ನುಗ್ಗೆ ಗಿಡದ ಪಕ್ಕ ಏಳೆಲೆ ಬಿಚ್ಚಿಕೊಂಡು ನಿಂತರೆ ಅದು ಅಡುಗೆ ಸಾಮಾನಲ್ಲ, ಬೆಳೆ. ಗಿಡ ಬೆಳೆದದ್ದಕ್ಕೆ ಅದೇ 1985ರ ಕಾಯ್ದೆಯಲ್ಲಿ ಹತ್ತು ವರ್ಷದ ತನಕ ಶಿಕ್ಷೆ, ಒಂದು ಲಕ್ಷದ ತನಕ ದಂಡ. ಹಿಂಡಿಗೆ ತಂದದ್ದು ಅಂತ ಠಾಣೆಯಲ್ಲಿ ವಿವರಿಸುವುದಕ್ಕಿಂತ, ಕೆಟ್ಟ ಕಾಳನ್ನು ಬಾಂಡ್ಲಿಗೆ ಹಾಕಿ ಕರಕಲು ಮಾಡಿ ಎಸೆಯುವುದು ಹತ್ತು ನಿಮಿಷದ ಕೆಲಸ.